‘ಇದೆ’, ‘ಇಲ್ಲ’, ‘ಗೊತ್ತಾಗಲಿಲ್ಲ’: ಸರ್ವರ್ ಕಾಯುವ ಡೀಮನ್‌ಗೆ ಬೇಕಾದ ಮೂರು ಉತ್ತರ

ಸರ್ವರ್‌ಗಳ ಮೇಲೆ ಕಣ್ಣಿಡುವ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಂ, ಬರೆಯುವುದು ದೊಡ್ಡ ಕೆಲಸವೇನಲ್ಲ. ವಿಳಾಸಗಳ ಪಟ್ಟಿ ಓದು, ಒಂದೊಂದಕ್ಕೂ ಕನೆಕ್ಟ್ ಮಾಡು, ಆಗಲಿಲ್ಲ ಅಂದರೆ ಮೆಸೇಜ್ ಕಳಿಸು, ಒಂದು ನಿಮಿಷ ಸುಮ್ಮನಿರು, ಮತ್ತೆ ಮೊದಲಿಂದ ಶುರು ಮಾಡು. ಪೈಥಾನ್‌ನಲ್ಲಿ ಮೂವತ್ತು ಸಾಲು ಸಾಕು. ಕೆಲವು ವಾರ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದು ರಾತ್ರಿ, ಇರುವ ಸರ್ವರ್‌ಗಳೆಲ್ಲ ಒಟ್ಟಿಗೆ ಡೌನ್ ಆಗಿವೆ ಎಂದು ನಲವತ್ತು ಮೆಸೇಜ್ ಸುರಿಸುತ್ತದೆ. ಎದ್ದು ನೋಡಿದರೆ ಕಟ್ಟಾಗಿರುವುದು ಅದರದೇ ನೆಟ್‌ವರ್ಕ್. ಇಂಥದ್ದು ಎರಡು ಮೂರು ಸಲ ಆಯಿತೆಂದರೆ ಜನ ಆ ಗ್ರೂಪನ್ನು ಮ್ಯೂಟ್ ಮಾಡಿ ಮಲಗುತ್ತಾರೆ. ನಿಜವಾಗಿ ಸರ್ವರ್ ಬಿದ್ದ ದಿನ ಕೇಳುವವರು ಯಾರೂ ಇರುವುದಿಲ್ಲ.

ಆ ಮೂವತ್ತು ಸಾಲಿನ ದೋಷ ಒಂದೇ. ಅದಕ್ಕೆ ಎರಡೇ ಉತ್ತರ ಗೊತ್ತು: ಇದೆ, ಇಲ್ಲ. ‘ನನಗೆ ಗೊತ್ತಾಗಲಿಲ್ಲ’ ಎನ್ನುವುದು ಅದಕ್ಕೆ ಬರುವುದಿಲ್ಲ. ಸರ್ವರ್ ಕಾಯುವ ಹಳೆಯ ಸಾಫ್ಟ್‌ವೇರ್ ನಾಗಿಯೋಸ್‌ನ ಪ್ಲಗಿನ್‌ಗಳು ಮೊದಲಿನಿಂದಲೂ ನಾಲ್ಕು ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಫಲಿತಾಂಶವಾಗಿ ಬಿಟ್ಟು ಹೋಗುವ ಅಂಕಿ) ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. 0 ಅಂದರೆ ಸರಿ ಇದೆ, 1 ಎಚ್ಚರಿಕೆ, 2 ಗಂಭೀರ, 3 ಅಂದರೆ ಗೊತ್ತಿಲ್ಲ. ನಾಗಿಯೋಸ್ ಬೇಡ ಎನ್ನುವವರೂ ಈ 3ನ್ನು ಮಾತ್ರ ಬಿಡಬಾರದು. ಮುಂದೆ ಹೇಳುವುದರಲ್ಲಿ ಬಹುಪಾಲು, ಯಾವಾಗ 2 ಹೇಳಬೇಕು ಯಾವಾಗ 3 ಹೇಳಬೇಕು ಎಂಬುದರ ಸುತ್ತಲೇ ಇದೆ.

ಏನನ್ನು ಕೇಳಬೇಕು

ಪಿಂಗ್‌ನಿಂದ ಶುರು ಮಾಡುವವರೇ ಹೆಚ್ಚು. ‘ಇದ್ದೀಯಾ’ ಎಂದು ಕೇಳುವ ಸಣ್ಣ ಪ್ಯಾಕೆಟ್ ಅದು. ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ವೆಬ್ ಸರ್ವರ್ ಸತ್ತು ಬಿದ್ದಿದ್ದರೂ, ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿದ್ದರೂ ಪಿಂಗ್ ಮಾತ್ರ ಆರಾಮಾಗಿ ಬರುತ್ತಿರುತ್ತದೆ. ಅತ್ತ, ಪಿಂಗ್ ಬಳಸುವ ಐಸಿಎಂಪಿ ಪ್ರೋಟೋಕಾಲನ್ನು ಫೈರ್‌ವಾಲ್‌ನಲ್ಲೇ ತಡೆದಿರುವ ಕಡೆ ಎಲ್ಲ ಸರಿಯಿದ್ದರೂ ಪಿಂಗ್ ಬರುವುದಿಲ್ಲ. ಹಾಗಾಗಿ ಪಿಂಗ್ ‘ದಾರಿ ಇದೆಯೇ’ ಎಂಬ ಪ್ರಶ್ನೆಗಷ್ಟೇ ಸರಿ. ಅಲರ್ಟ್ ಬಂದ ಮೇಲೆ ಕಾರಣ ಹುಡುಕಲು ಅದು ಬೇಕು, ಅಲರ್ಟ್ ಕಳಿಸಲು ಸಾಲದು.

ಮುಂದಿನ ಮೆಟ್ಟಿಲು ಟಿಸಿಪಿ ಕನೆಕ್ಟ್, ಅಂದರೆ ಸೇವೆಯ ಪೋರ್ಟ್‌ಗೇ ಸಂಪರ್ಕ ಬೆಳೆಸಿ ನೋಡುವುದು. ಇದನ್ನು ನಂಬಿ ಕೂತವರಿಗೆ ಕಾದಿರುವ ಏಟು ಸ್ವಲ್ಪ ಸೂಕ್ಷ್ಮವಾದದ್ದು. ಒಂದು ಪ್ರೋಗ್ರಾಂ ಪೋರ್ಟ್‌ನಲ್ಲಿ ಲಿಸನ್ ಮಾಡಿದ ಮೇಲೆ, ಬರುವ ಕನೆಕ್ಷನ್‌ಗಳ ಹ್ಯಾಂಡ್‌ಶೇಕ್ (ಸಂಪರ್ಕ ಕುದುರಿಸುವ ಆರಂಭದ ಪ್ಯಾಕೆಟ್ ವಿನಿಮಯ) ಮುಗಿಸುವುದು ಆ ಪ್ರೋಗ್ರಾಂ ಅಲ್ಲ, ಅದೂ ಕರ್ನಲ್ಲೇ. ಮುಗಿದ ಕನೆಕ್ಷನ್‌ಗಳನ್ನು ಕರ್ನಲ್ ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ಪ್ರೋಗ್ರಾಂ ಆಕ್ಸೆಪ್ಟ್ ಕರೆದು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಪ್ರೋಗ್ರಾಂ ಎಲ್ಲೋ ಲಾಕ್‌ನಲ್ಲಿ ಸಿಕ್ಕಿಕೊಂಡು ಆಕ್ಸೆಪ್ಟ್ ಕರೆಯುವುದನ್ನೇ ನಿಲ್ಲಿಸಿದರೂ ಸಾಲು ತುಂಬುವವರೆಗೆ ನಿಮ್ಮ ಕನೆಕ್ಟ್ ಯಶಸ್ವಿಯಾಗುತ್ತಲೇ ಇರುತ್ತದೆ. ಆ ಸಾಲಿನ ಮೇಲ್ಮಿತಿ, ಅಂದರೆ ಸೋಮ್ಯಾಕ್ಸ್‌ಕಾನ್, ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ 128 ಇತ್ತು. 5.4ರಿಂದ 4096 ಆಗಿದೆ. ಬಳಕೆದಾರರು ಯಾರೂ ಬರದ, ನಿಮಿಷಕ್ಕೊಂದು ಚೆಕ್ ಮಾತ್ರ ಬಂದು ಹೋಗುವ ಒಳಗಿನ ಸರ್ವರ್ ಒಂದಿದೆ ಅಂದುಕೊಳ್ಳಿ. 128ರ ಸಾಲು ತುಂಬಲು ಎರಡು ಗಂಟೆಯ ಮೇಲೆ ಬೇಕು. ನೀವು ಕ್ಲೋಸ್ ಮಾಡಿಕೊಂಡು ಹೋದ ಕನೆಕ್ಷನ್ ಕೂಡ, ಆ ಕಡೆ ಯಾರೂ ಎತ್ತಿಕೊಳ್ಳದೆ, ಸಾಲಿನಲ್ಲಿ ಜಾಗ ಹಿಡಿದೇ ಇರುತ್ತದೆ. ಅಷ್ಟೂ ಹೊತ್ತು ನಿಮ್ಮ ಡ್ಯಾಶ್‌ಬೋರ್ಡ್ ಹಸಿರಾಗಿರುತ್ತದೆ. ಸಾಲು ತುಂಬಿದ ಮೇಲೆ ಲಿನಕ್ಸ್ ಹೊಸ ಕನೆಕ್ಷನ್‌ಗಳನ್ನು ತಿರಸ್ಕರಿಸುವುದೂ ಇಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಆಗ ನಿಮಗೆ ಕಾಣುವುದು ಟೈಮ್‌ಔಟ್. ನೆಟ್‌ವರ್ಕ್ ತೊಂದರೆ ಎಂದುಕೊಂಡು ಬೇರೆಲ್ಲೋ ಹುಡುಕುತ್ತೀರಿ.

ಆದ್ದರಿಂದ ಕನೆಕ್ಟ್ ಆದ ಮೇಲೆ ಎದುರಿನವರು ಒಂದು ಮಾತಾದರೂ ಆಡಬೇಕು. ಮೇಲ್ ಕಳಿಸುವ ಎಸ್‌ಎಂಟಿಪಿ ಆದರೆ 220 ಎಂದು ಶುರುವಾಗುವ ಸಾಲು ಬರಬೇಕು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಆದರೆ ಅದರ 2.0 ಆವೃತ್ತಿಯ ಗುರುತಿನ ಸಾಲು ಬರಬೇಕು. ರೆಡಿಸ್ ಎಂಬ ಡೇಟಾಬೇಸ್‌ಗೆ ಪಿಂಗ್ ಎಂಬ ಕಮಾಂಡ್ ಕಳಿಸಿದರೆ ಪಾಂಗ್ ಬರಬೇಕು. ಎಚ್‌ಟಿಟಿಪಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು: ಸ್ಟೇಟಸ್ 200 ಬಂತು ಎಂದರೆ ಮುಗಿಯಲಿಲ್ಲ. ‘ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ’ ಎಂಬ ಪುಟವನ್ನೇ 200 ಕೊಟ್ಟು ಕಳಿಸುವ ಸೈಟ್‌ಗಳು ಬೇಕಾದಷ್ಟಿವೆ. ಪುಟದೊಳಗೆ, ಡೇಟಾಬೇಸ್‌ನಿಂದ ಬಂದರೆ ಮಾತ್ರ ಇರಬಹುದಾದ ಒಂದು ಪದ ಇದೆಯೇ ಎಂದು ನೋಡಿ. ನಡುವೆ ಸಿಡಿಎನ್ (ಪುಟಗಳ ನಕಲು ಇಟ್ಟುಕೊಂಡು ಬಳಕೆದಾರರಿಗೆ ಹತ್ತಿರದಿಂದ ಹಂಚುವ ಜಾಲ) ಇದ್ದರೆ ಇನ್ನೊಂದು ತೊಡಕು, ಮೂಲ ಸರ್ವರ್ ಸತ್ತ ಮೇಲೂ ಅದು ಕ್ಯಾಷ್‌ನಿಂದ ಹಳೆಯ ಪುಟ ಕೊಡುತ್ತಿರುತ್ತದೆ. ಕ್ಯಾಷ್ ಆಗದ ಒಂದು ಹೆಲ್ತ್ ಪುಟ ಮಾಡಿಸಿಕೊಂಡು ಅದನ್ನು ಕೇಳಿ. ಆದರೆ ಆ ಪುಟ ಹತ್ತು ಬೇರೆ ಸೇವೆಗಳನ್ನು ಮುಟ್ಟಿ ಬರುವಂತಿರಬಾರದು. ಯಾವುದೋ ಮೂರನೆಯವರ ಎಪಿಐ ನಿಧಾನವಾದರೆ ನಿಮ್ಮ ಸೈಟ್ ಡೌನ್ ಎಂದು ಕೂಗಿಕೊಳ್ಳುತ್ತದೆ.

ಸಂಪರ್ಕ ಕುದುರಿಸದೆ ನೇರ ಪ್ಯಾಕೆಟ್ ಎಸೆಯುವ ಯುಡಿಪಿ ವಿಷಯದಲ್ಲಿ ‘ಪೋರ್ಟ್ ತೆರೆದಿದೆಯೇ’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಉತ್ತರ ಬರಲಿಲ್ಲ ಎಂದರೆ ಪ್ಯಾಕೆಟ್ ತಲುಪಲಿಲ್ಲವೋ, ತಲುಪಿಯೂ ಎದುರಿನವರು ಸುಮ್ಮನಿದ್ದಾರೋ ತಿಳಿಯುವುದಿಲ್ಲ. ಡಿಎನ್‌ಎಸ್ ಸರ್ವರ್‌ಗೆ ನಿಜವಾದ ಒಂದು ಹೆಸರನ್ನು ಕೇಳಿ, ಬಂದ ಐಪಿ ಸರಿಯೇ ಎಂದು ನೋಡಬೇಕು. ಸಮಯ ಹೇಳುವ ಎನ್‌ಟಿಪಿ ಸರ್ವರ್ ಉತ್ತರ ಕೊಟ್ಟರೂ ಅದರ ಸ್ಟ್ರೇಟಮ್ (ಮೂಲ ಗಡಿಯಾರದಿಂದ ಎಷ್ಟು ಹಂತ ದೂರ ಎಂಬ ಅಂಕಿ) 16 ಎಂದಿದ್ದರೆ, ಆ ಸರ್ವರ್‌ಗೇ ಸಮಯ ಗೊತ್ತಿಲ್ಲ ಎಂದು ಅರ್ಥ.

ಸೋಲಿನಲ್ಲೂ ಬಗೆಗಳಿವೆ

ಕನೆಕ್ಟ್ ಆಗಲಿಲ್ಲ ಎಂಬುದನ್ನು ಒಂದೇ ಡಬ್ಬಿಗೆ ಹಾಕಬೇಡಿ. ಎರರ್ ಯಾವುದು ಎಂದು ಲಾಗ್‌ನಲ್ಲೂ ಮೆಸೇಜ್‌ನಲ್ಲೂ ಬರೆಯಿರಿ, ಅರ್ಧ ಪತ್ತೆದಾರಿ ಅಲ್ಲೇ ಮುಗಿಯುತ್ತದೆ.

‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಮಷಿನ್ ಬದುಕಿದೆ, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ ಎಂದು ಸಾಮಾನ್ಯ ಅರ್ಥ. ಸೇವೆ ಕ್ರ್ಯಾಶ್ ಆಗಿದೆ ಅಥವಾ ಯಾರೋ ರೀಸ್ಟಾರ್ಟ್ ಮಾಡುತ್ತಿದ್ದಾರೆ. ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ರಿಜೆಕ್ಟ್ ಎಂದು ಬರೆದ ನಿಯಮವೂ ಇದೇ ಎರರ್ ಕೊಡುತ್ತದೆ ಎಂಬುದು ನೆನಪಿರಲಿ. ‘ನೋ ರೂಟ್ ಟು ಹೋಸ್ಟ್’ ಎಂಬುದು ಹೆಸರಿನಿಂದಲೇ ದಾರಿ ತಪ್ಪಿಸುತ್ತದೆ. ಒಂದೇ ಸಬ್‌ನೆಟ್‌ನಲ್ಲಿರುವ ಮಷಿನ್ ಆಫ್ ಆಗಿದ್ದರೆ ಎಆರ್‌ಪಿಗೆ (‘ಈ ಐಪಿ ಯಾರದ್ದು’ ಎಂಬ ಕೂಗಿಗೆ) ಉತ್ತರ ಸಿಗದೆ ಸುಮಾರು ಮೂರು ಸೆಕೆಂಡ್‌ನಲ್ಲಿ ಇದು ಬರುತ್ತದೆ. ಬೇರೆ ಕಡೆಯ ಮಷಿನ್ ಆದರೆ ಎಷ್ಟೋ ಸಲ ಇದು ರೂಟಿಂಗ್ ಸಮಸ್ಯೆಯಲ್ಲ, ಫೈರ್‌ವಾಲ್ ಐಸಿಎಂಪಿ ಮೂಲಕ ‘ಪ್ರವೇಶವಿಲ್ಲ’ ಎಂದದ್ದು. ಟೈಮ್‌ಔಟ್ ಮಾತ್ರ ನಿಜಕ್ಕೂ ಅಸ್ಪಷ್ಟ. ಮಷಿನ್ ಸತ್ತಿರಬಹುದು, ದಾರಿ ಕಟ್ಟಾಗಿರಬಹುದು, ಫೈರ್‌ವಾಲ್ ಮೌನವಾಗಿ ಎಸೆಯುತ್ತಿರಬಹುದು, ಮೇಲೆ ಹೇಳಿದ ಸಾಲು ತುಂಬಿರಬಹುದು. ಹೆಸರು ಐಪಿಯಾಗಿ ತಿರುಗಲೇ ಇಲ್ಲ ಎಂದಾದರೆ, ಅದು ಆ ಸೇವೆಯ ತಪ್ಪು ಎನ್ನಲು ನಿಮ್ಮ ಬಳಿ ಆಧಾರವೇ ಇಲ್ಲ. ಅದು 3. ಹೆಸರಿನ ಮೇಲೆ ಒಂದು ಚೆಕ್, ಐಪಿಯ ಮೇಲೆ ಇನ್ನೊಂದು ಚೆಕ್ ಇಟ್ಟರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಐಪಿವಿ4 ಮತ್ತು ಐಪಿವಿ6ಕ್ಕೂ ಹಾಗೆಯೇ ಒಂದೊಂದು ಚೆಕ್ ಇರಲಿ. ಬ್ರೌಸರ್‌ಗಳು ಒಂದು ಸಿಗದಿದ್ದರೆ ತಕ್ಷಣ ಇನ್ನೊಂದಕ್ಕೆ ಜಾರಿಕೊಳ್ಳುವುದರಿಂದ, ಐಪಿವಿ6 ತಿಂಗಳುಗಟ್ಟಲೆ ಕೆಟ್ಟಿದ್ದರೂ ಯಾರೂ ದೂರುವುದಿಲ್ಲ.

ಟೈಮ್‌ಔಟ್ ಎಷ್ಟಿರಬೇಕು

ಐದು ಸೆಕೆಂಡ್. ಕಾರಣ ಹೀಗೆ: 6.5ಕ್ಕಿಂತ ಹಳೆಯ ಲಿನಕ್ಸ್ ಕರ್ನಲ್ ಮೊದಲ ಸಿನ್ ಪ್ಯಾಕೆಟ್ (ಸಂಪರ್ಕ ಕೋರುವ ಪ್ಯಾಕೆಟ್) ಕಳಿಸಿ ಒಂದು ಸೆಕೆಂಡ್ ಕಾಯುತ್ತದೆ, ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ, ಆಮೇಲೆ ಎರಡು ಸೆಕೆಂಡ್, ನಾಲ್ಕು, ಎಂಟು ಹೀಗೆ ಕಾಯುವ ಅವಧಿ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅಂದರೆ ಮರುಪ್ರಯತ್ನಗಳು 1, 3, 7, 15ನೇ ಸೆಕೆಂಡ್‌ಗಳಲ್ಲಿ ಬೀಳುತ್ತವೆ. ನೀವು ಒಂದು ಸೆಕೆಂಡ್ ಟೈಮ್‌ಔಟ್ ಇಟ್ಟರೆ, ದಾರಿಯಲ್ಲಿ ಒಂದೇ ಒಂದು ಪ್ಯಾಕೆಟ್ ಕಳೆದುಹೋದರೂ ಸರ್ವರ್ ಡೌನ್. ಐದು ಇಟ್ಟರೆ ಎರಡು ಮರುಪ್ರಯತ್ನಕ್ಕೆ ಅವಕಾಶ ಸಿಗುತ್ತದೆ. ಮೂರು ಸೆಕೆಂಡ್ ಇಡುವುದು ಅತ್ತ ಇತ್ತ ಎರಡೂ ಅಲ್ಲ, ಎರಡನೇ ಮರುಪ್ರಯತ್ನ ಹೊರಡುವ ಹೊತ್ತಿಗೇ ನೀವು ಬಾಗಿಲು ಹಾಕಿರುತ್ತೀರಿ. ಏನೂ ಇಡದೆ ಬಿಟ್ಟರೆ ಆ ಕರ್ನಲ್ ಆರು ಮರುಪ್ರಯತ್ನ ಮುಗಿಸಿ ಕೈಚೆಲ್ಲುವಷ್ಟರಲ್ಲಿ 127 ಸೆಕೆಂಡ್ ಕಳೆದಿರುತ್ತದೆ.

ಆದರೆ ಐದು ಸೆಕೆಂಡ್ ಎಂದು ಬರೆದ ಮಾತ್ರಕ್ಕೆ ಐದು ಸೆಕೆಂಡ್‌ನಲ್ಲಿ ಮುಗಿಯುತ್ತದೆ ಎಂದಲ್ಲ. ಎರಡು ಕಳ್ಳದಾರಿಗಳಿವೆ.

ಮೊದಲನೆಯದು ಡಿಎನ್‌ಎಸ್. ಹೆಸರನ್ನು ಐಪಿ ಮಾಡುವ ಗೆಟ್‌ಅಡ್ರ್‌ಇನ್‌ಫೋ ಕರೆ ನಿಮ್ಮ ಕನೆಕ್ಟ್ ಟೈಮ್‌ಔಟ್‌ಗೆ ಕಿವಿಗೊಡುವುದಿಲ್ಲ. ರಿಸಾಲ್ವ್ ಕಾನ್ಫ್ ಫೈಲ್‌ನಲ್ಲಿ ಏನೂ ಹೇಳದಿದ್ದರೆ ಒಂದು ನೇಮ್‌ಸರ್ವರ್‌ಗೆ 5 ಸೆಕೆಂಡ್‌ನಂತೆ ಎರಡು ಸುತ್ತು ಪ್ರಯತ್ನ ನಡೆಯುತ್ತದೆ. ಎರಡು ನೇಮ್‌ಸರ್ವರ್ ಇದ್ದು ಎರಡೂ ಮೌನವಾಗಿದ್ದರೆ ಸುಮಾರು 20 ಸೆಕೆಂಡ್ ಅಲ್ಲೇ ಹೋಯಿತು. ಆ ಫೈಲ್‌ನಲ್ಲಿ ಟೈಮ್‌ಔಟ್ 1, ಅಟೆಂಪ್ಟ್ಸ್ 2 ಎಂದು ಆಪ್ಷನ್ಸ್ ಸಾಲು ಸೇರಿಸಿ. ಅಥವಾ ಹೆಸರು ಹುಡುಕುವ ಕೆಲಸವನ್ನೇ ಬೇರೆ ಥ್ರೆಡ್‌ಗೆ ಕೊಡಿ.

ಎರಡನೆಯದು ಓದುವಾಗಿನ ಟೈಮ್‌ಔಟ್. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಟೈಮ್‌ಔಟ್ 5 ಎಂದು ಕೊಟ್ಟರೆ, ಒಂದು ಓದಿಗೂ ಇನ್ನೊಂದಕ್ಕೂ ನಡುವೆ ಐದು ಸೆಕೆಂಡ್ ಮೀರಬಾರದು ಎಂದಷ್ಟೇ ಅದರ ಅರ್ಥ. ಒದ್ದಾಡುತ್ತಿರುವ ಸರ್ವರ್ ನಾಲ್ಕು ಸೆಕೆಂಡ್‌ಗೊಂದು ಬೈಟ್ ತೊಟ್ಟಿಕ್ಕಿಸುತ್ತಿದ್ದರೆ ನಿಮ್ಮ ಚೆಕ್ ಮುಗಿಯುವುದೇ ಇಲ್ಲ. ಇಡೀ ಚೆಕ್‌ಗೆ ಒಂದು ಒಟ್ಟು ಗಡುವು ಬೇಕು, ಹತ್ತು ಸೆಕೆಂಡ್ ಸಾಕು. ಕರ್ಲ್‌ನಲ್ಲಿ ಮ್ಯಾಕ್ಸ್ ಟೈಮ್ ಎಂಬ ಆಪ್ಷನ್, ಪೈಥಾನ್‌ನ ಅಸಿಂಕ್‌ಐಓ ಆದರೆ ವೇಟ್ ಫಾರ್ ಈ ಕೆಲಸ ಮಾಡುತ್ತವೆ.

ಇವನ್ನು ಒಂದರ ಹಿಂದೆ ಒಂದರಂತೆ ಓಡಿಸುವುದೂ ಆಗದು. 200 ಸೇವೆಗಳಿದ್ದು ಎಲ್ಲವೂ ಐದೈದು ಸೆಕೆಂಡ್ ತಿಂದರೆ ಒಂದು ಸುತ್ತಿಗೆ 1000 ಸೆಕೆಂಡ್ ಬೇಕು. ದೊಡ್ಡ ಅನಾಹುತವಾದ ಹೊತ್ತಿನಲ್ಲೇ ನಿಮ್ಮ ಡೀಮನ್ ಹದಿನಾರು ನಿಮಿಷ ಹಿಂದೆ ಬಿದ್ದಿರುತ್ತದೆ. ಏಕಕಾಲಕ್ಕೆ 50 ಚೆಕ್ ಎಂದು ಮಿತಿ ಹಾಕಿ ಅಸಿಂಕ್ ಆಗಿ ಓಡಿಸಿ. ನಿಮಿಷ ಶುರುವಾದೊಡನೆ ಎಲ್ಲವನ್ನೂ ಹಾರಿಸಬೇಡಿ, ಪ್ರತಿ ಸೇವೆಗೂ ಅದರ ಹೆಸರಿನ ಹ್ಯಾಷ್‌ನಿಂದ 0ಯಿಂದ 59ರೊಳಗಿನ ಒಂದು ಸೆಕೆಂಡ್ ಗೊತ್ತು ಮಾಡಿ ಹರಡಿಬಿಡಿ. ಅವಧಿ ಲೆಕ್ಕಕ್ಕೆ, ಎಂದೂ ಹಿಂದಕ್ಕೆ ಹೋಗದ ಮಾನೊಟೋನಿಕ್ ಗಡಿಯಾರವನ್ನೇ ಬಳಸಿ. ಗೋಡೆ ಗಡಿಯಾರದ ಸಮಯವನ್ನು ಎನ್‌ಟಿಪಿ ಹಿಂದಕ್ಕೆ ಎಳೆದರೆ ‘ಮುಂದಿನ ಚೆಕ್’ ಒಂದು ಗಂಟೆ ದೂರ ಹೋಗಿ ಕೂರಬಹುದು.

ಕಾಯುವವನೇ ಕೆಡಿಸಿದರೆ

ಬೇಲಿಯೇ ಎದ್ದು ಹೊಲ ಮೇಯುವ ಪ್ರಸಂಗ ಇಲ್ಲಿ ಅಪರೂಪವಲ್ಲ. ಅತಿ ಸಾಮಾನ್ಯವಾದದ್ದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನದು. 3306ಕ್ಕೆ ಬರೀ ಟಿಸಿಪಿ ಕನೆಕ್ಟ್ ಮಾಡಿ, ಲಾಗಿನ್ ಆಗದೆ ಕ್ಲೋಸ್ ಮಾಡಿದರೆ ಮೈಎಸ್‌ಕ್ಯೂಎಲ್ ಅದನ್ನು ಅರ್ಧಕ್ಕೆ ಮುರಿದ ಕನೆಕ್ಷನ್ ಎಂದು ಎಣಿಸುತ್ತದೆ. ಮ್ಯಾಕ್ಸ್ ಕನೆಕ್ಟ್ ಎರರ್ಸ್ ಎಂಬ ಮಿತಿ ಮೊದಲೇ 100 ಎಂದಿರುತ್ತದೆ. ನಡುವೆ ಒಂದೂ ಸರಿಯಾದ ಕನೆಕ್ಷನ್ ಇಲ್ಲದೆ ಅಷ್ಟು ಸೇರಿದರೆ ಆ ಐಪಿಯನ್ನೇ ಬ್ಲಾಕ್ ಮಾಡುತ್ತದೆ. ನಿಮಿಷಕ್ಕೊಂದು ಚೆಕ್‌ನಂತೆ ಎರಡು ಗಂಟೆಯೊಳಗೆ ಕೆಲಸ ಕೆಟ್ಟಿತು. ಡೇಟಾಬೇಸ್ ಚೆನ್ನಾಗಿದೆ, ಡೀಮನ್ ಮಾತ್ರ ಡೌನ್ ಎನ್ನುತ್ತಿದೆ. ಡೀಮನ್ ಇರುವ ಮಷಿನ್‌ನಲ್ಲೇ ಆ ಡೇಟಾಬೇಸ್ ಬಳಸುವ ಅಪ್ಲಿಕೇಷನ್ನೂ ಇದ್ದರೆ ಅದರ ಹೊಸ ಕನೆಕ್ಷನ್‌ಗಳೂ ಜೊತೆಗೇ ಬ್ಲಾಕ್ ಆಗಬಹುದು. ಮೈಎಸ್‌ಕ್ಯೂಎಲ್ ಅಡ್ಮಿನ್‌ನಿಂದ ಫ್ಲಷ್ ಹೋಸ್ಟ್ಸ್ ಓಡಿಸಿದರೆ ತಾತ್ಕಾಲಿಕ ಪರಿಹಾರ. ಸರಿಯಾದ ಮದ್ದು, ಯಾವ ಅಧಿಕಾರವೂ ಇಲ್ಲದ ಒಂದು ಯೂಸರ್ ಮಾಡಿ, ಲಾಗಿನ್ ಆಗಿ, ಸೆಲೆಕ್ಟ್ 1 ಕೇಳಿ, ಮರ್ಯಾದೆಯಾಗಿ ಹೊರಬರುವುದು.

ಎಸ್‌ಎಸ್‌ಎಚ್‌ಗೂ ಇಂಥದ್ದೇ ಕಾಟ. ಕನೆಕ್ಟ್ ಆಗಿ ಏನೂ ಹೇಳದೆ ಹೋಗುವವರನ್ನು ಲಾಗ್ ನೋಡಿ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ ಅನುಮಾನದಿಂದ ನೋಡಬಹುದು. 2024ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಿಂದ ಸರ್ವರ್ ತಾನೇ ಅಂಥ ಐಪಿಗಳಿಗೆ ಶಿಕ್ಷೆ ವಿಧಿಸಿ ಸ್ವಲ್ಪ ಹೊತ್ತು ದೂರ ಇಡುವ ವ್ಯವಸ್ಥೆ ಇದೆ. ಪರ್‌ಸೋರ್ಸ್‌ಪೆನಾಲ್ಟಿಎಕ್ಸೆಂಪ್ಟ್‌ಲಿಸ್ಟ್ ಎಂಬ ಸಾಲಿನಲ್ಲಿ ಡೀಮನ್‌ನ ಐಪಿಯನ್ನು ಸೇರಿಸಿ. ಎಸ್‌ಎಂಟಿಪಿಗೆ 220 ಓದಿಕೊಂಡ ಮೇಲೆ ಕ್ವಿಟ್ ಕಳಿಸಿ ಹೊರಡಿ. ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್‌ನ ಲಾಗ್ ತುಂಬ ಸಂಪರ್ಕ ತಪ್ಪಿತು ಎಂಬ ಸಾಲುಗಳೇ ತುಂಬಿ, ನಿಜವಾದ ದೋಷ ಹುಡುಕುವವರ ತಾಳ್ಮೆ ಕೆಡುತ್ತದೆ.

ಯಾವಾಗ ಬಾಯಿ ಬಿಡಬೇಕು

ಒಂದು ಸಲ ಸೋತರೆ ಅಲರ್ಟ್ ಕಳಿಸಬೇಡಿ. ಸೋತ ತಕ್ಷಣ ಆ ಸೇವೆಯನ್ನು ‘ಅನುಮಾನ’ ಎಂಬ ಸ್ಥಿತಿಗೆ ಹಾಕಿ, ಚೆಕ್‌ಗಳ ನಡುವಿನ ಅಂತರವನ್ನು 60ರಿಂದ 20 ಸೆಕೆಂಡ್‌ಗೆ ಇಳಿಸಿ. ಸತತ ಮೂರು ಸೋಲಾದರೆ ಆಗ ಹೇಳಿ. ನಾಗಿಯೋಸ್‌ನಲ್ಲಿ ಇದನ್ನು ಸಾಫ್ಟ್, ಹಾರ್ಡ್ ಸ್ಥಿತಿ ಎನ್ನುತ್ತಾರೆ. ಇನ್ನೊಂದು ಕಾವಲು ಸಾಫ್ಟ್‌ವೇರ್ ಆದ ಪ್ರೊಮೀಥಿಯಸ್‌ನಲ್ಲಿ ಅಲರ್ಟ್ ನಿಯಮದ ಫಾರ್ ಎಂಬ ಸಾಲು ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಲೆಕ್ಕ ಹಾಕಿ: ಚೆಕ್ ಆದ ಮರುಕ್ಷಣವೇ ಸೇವೆ ಬಿದ್ದರೆ ಮೊದಲ ಸೋಲಿನ ಚೆಕ್‌ಗೆ 60 ಸೆಕೆಂಡ್, ಅಲ್ಲಿಂದ 20, ಮತ್ತೆ 20, ಕೊನೆಯ ಟೈಮ್‌ಔಟ್ 5. ಒಟ್ಟು 105 ಸೆಕೆಂಡ್. ಸರಾಸರಿ 75.

ಇದು ಸಾಕೇ ಎಂಬುದು ನೀವು ಕೊಟ್ಟಿರುವ ಮಾತಿನ ಮೇಲಿದೆ. 30 ದಿನದ ತಿಂಗಳಲ್ಲಿ ಶೇ 99.9 ಎಂದರೆ 43.2 ನಿಮಿಷ ಡೌನ್ ಆಗಲು ಅವಕಾಶವಿದೆ. ಶೇ 99.99 ಎಂದರೆ 4.32 ನಿಮಿಷ ಮಾತ್ರ. ಅದರಲ್ಲಿ 105 ಸೆಕೆಂಡ್ ಗೊತ್ತಾಗುವುದಕ್ಕೇ ಹೋದರೆ, ಉಳಿದ ಎರಡೂವರೆ ನಿಮಿಷದಲ್ಲಿ ಮನುಷ್ಯರು ಎದ್ದು ಲ್ಯಾಪ್‌ಟಾಪ್ ತೆರೆದು ಸರಿ ಮಾಡುವ ಮಾತು ಬೇಡ. ಅಲ್ಲಿ ಅಲರ್ಟ್‌ಗಿಂತ ತಾನಾಗಿ ಬೇರೆ ಸರ್ವರ್‌ಗೆ ಬದಲಾಗುವ ವ್ಯವಸ್ಥೆ ಬೇಕು. ಚೆಕ್ ಅಂತರವನ್ನು ಐದು ಸೆಕೆಂಡ್‌ಗೆ ಇಳಿಸುವುದು ಅದಕ್ಕೆ ಪರ್ಯಾಯವಲ್ಲ.

ಎದ್ದಿತು ಎಂದು ಹೇಳಲೂ ಸತತ ಎರಡು ಗೆಲುವು ಕೇಳಿ. ಇಲ್ಲದಿದ್ದರೆ ಮೆಮೊರಿ ಸಾಲದೆ ಎರಡು ನಿಮಿಷಕ್ಕೊಮ್ಮೆ ಸಾಯುತ್ತಾ ಹುಟ್ಟುತ್ತಾ ಇರುವ ಸೇವೆ ರಾತ್ರಿಯಿಡೀ ಬಿತ್ತು, ಎದ್ದಿತು, ಬಿತ್ತು, ಎದ್ದಿತು ಎನ್ನುತ್ತಿರುತ್ತದೆ. ನಾಗಿಯೋಸ್ ಕೊನೆಯ 21 ಫಲಿತಾಂಶಗಳನ್ನು ಇಟ್ಟುಕೊಂಡು, ಅವುಗಳಲ್ಲಿ ಎಷ್ಟು ಸಲ ಸ್ಥಿತಿ ಬದಲಾಯಿತು ಎಂದು ನೋಡಿ, ಮಿತಿ ದಾಟಿದರೆ ‘ಇದು ಓಲಾಡುತ್ತಿದೆ’ ಎಂದು ಒಂದೇ ಮೆಸೇಜ್ ಕಳಿಸಿ ಸುಮ್ಮನಾಗುತ್ತದೆ. ಸ್ವಂತ ಡೀಮನ್ ಬರೆಯುವವರು ಕದಿಯಬೇಕಾದ ಉಪಾಯ.

ಇನ್ನು ಆ ನಲವತ್ತು ಮೆಸೇಜ್‌ಗಳ ಕಥೆ. ಡೀಮನ್ ಇರುವ ಮಷಿನ್‌ನಿಂದ ಮೂರು ಆಧಾರ ಬಿಂದುಗಳನ್ನು ಆರಿಸಿ: ಪಕ್ಕದ ಗೇಟ್‌ವೇ, ಮತ್ತು ಪರಸ್ಪರ ಸಂಬಂಧವಿಲ್ಲದ ಎರಡು ಹೊರಗಿನ ವಿಳಾಸ. ಯಾವ ಸೇವೆ ಸೋತರೂ ಅಲರ್ಟ್ ಕಳಿಸುವ ಮುನ್ನ ಇವನ್ನು ಮುಟ್ಟಿ ನೋಡಿ. ಗೇಟ್‌ವೇಯೇ ಸಿಗದಿದ್ದರೆ ಎಲ್ಲ ಸೇವೆಗಳೂ 3. ಗೇಟ್‌ವೇ ಸಿಕ್ಕಿ ಹೊರಗಿನ ಎರಡೂ ಸಿಗದಿದ್ದರೆ ಹೊರಗಿನ ಸೇವೆಗಳೆಲ್ಲ 3, ಒಳಗಿನವು ಎಂದಿನಂತೆ. ಮೂರೂ ಸಿಕ್ಕಿ ಸೇವೆ ಮಾತ್ರ ಸಿಗದಿದ್ದರೆ ಅದು 2, ಧೈರ್ಯವಾಗಿ ಕೂಗಿ. ಪಟ್ಟಿಯಲ್ಲಿ ಪ್ರತಿ ಸೇವೆಗೂ ‘ಇದು ಯಾವುದರ ಹಿಂದೆ ಇದೆ’ ಎಂಬ ಒಂದು ಕಾಲಂ ಇಟ್ಟರೆ, ಒಂದು ಸ್ವಿಚ್ ಸತ್ತಾಗ ಅದರ ಹಿಂದಿನ ಹದಿನೆಂಟು ಮಷಿನ್‌ಗಳ ಬದಲು ಸ್ವಿಚ್‌ನ ಹೆಸರಷ್ಟೇ ಬರುತ್ತದೆ. 3 ಎಂದ ಮಾತ್ರಕ್ಕೆ ಮರೆತುಬಿಡುವುದಲ್ಲ. ಹದಿನೈದು ನಿಮಿಷ ಮೀರಿ 3ರಲ್ಲೇ ಉಳಿದರೆ ‘ನನಗೆ ಏನೂ ಕಾಣುತ್ತಿಲ್ಲ’ ಎಂಬ ಒಂದೇ ಮೆಸೇಜ್ ಬೇರೆ ದಾರಿಯಿಂದ ಹೋಗಬೇಕು.

ಡೀಮನ್ ಆಗಿ ಓಡಿಸುವುದು

ಎರಡು ಸಲ ಫೋರ್ಕ್ ಮಾಡಿ, ಸೆಟ್‌ಸಿಡ್ ಕರೆದು, ಪಿಐಡಿ ಫೈಲ್ ಬರೆಯುವ ಹಳೆಯ ಶಾಸ್ತ್ರ ಈಗ ಬೇಡ. ಪ್ರೋಗ್ರಾಂ ಮುಂಭಾಗದಲ್ಲೇ ಓಡಲಿ, ಲಾಗನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯಲಿ, ಉಳಿದದ್ದು ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಬಿಡಿ. ಪೈಥಾನ್ ಆದರೆ ಪೈಥಾನ್‌ಅನ್‌ಬಫರ್ಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ, ಇಲ್ಲದಿದ್ದರೆ ಲಾಗ್ ಬಫರ್‌ನಲ್ಲೇ ಕೂತು ಬೇಕಾದಾಗ ಕಾಣುವುದಿಲ್ಲ.

ಸೇವೆಯನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲ್‌ನಲ್ಲಿ ರೀಸ್ಟಾರ್ಟ್ ಸಾಲಿಗೆ ಆಲ್ವೇಸ್ ಎಂದು ಬರೆದು ನಿಶ್ಚಿಂತರಾಗುವವರು ಬಹಳ. ಅಲ್ಲೊಂದು ಹಳ್ಳವಿದೆ. ರೀಸ್ಟಾರ್ಟ್‌ಸೆಕ್ ಮೊದಲೇ 100 ಮಿಲಿಸೆಕೆಂಡ್ ಎಂದಿರುತ್ತದೆ, ಮತ್ತು 10 ಸೆಕೆಂಡ್‌ನಲ್ಲಿ 5 ಸಲ ಶುರುವಾದ ಸೇವೆಯನ್ನು ಸಿಸ್ಟಮ್‌ಡಿ ಫೇಲ್ಡ್ ಎಂದು ಗುರುತು ಹಾಕಿ ಕೈಬಿಡುತ್ತದೆ. ಮಷಿನ್ ಬೂಟ್ ಆಗುವಾಗ ಡಿಎನ್‌ಎಸ್ ಇನ್ನೂ ಬಂದಿಲ್ಲ, ಡೀಮನ್ ಎರರ್ ಕೊಟ್ಟು ಸತ್ತಿತು ಎಂದಿಟ್ಟುಕೊಳ್ಳಿ. ಒಂದೇ ಸೆಕೆಂಡ್‌ನಲ್ಲಿ ಐದೂ ಅವಕಾಶ ಮುಗಿದು, ಆಮೇಲೆ ನೆಟ್‌ವರ್ಕ್ ಬಂದರೂ ಡೀಮನ್ ಮೇಲೇಳುವುದಿಲ್ಲ. ರೀಸ್ಟಾರ್ಟ್‌ಸೆಕ್ 10 ಎಂದು ಬರೆಯಿರಿ, ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ 0 ಎಂದು ಕೊಟ್ಟು ಆ ಮಿತಿಯನ್ನೇ ತೆಗೆದುಹಾಕಿ. ಎರಡನೆಯದು ಯೂನಿಟ್ ವಿಭಾಗದಲ್ಲಿರಬೇಕು, ಸರ್ವಿಸ್ ವಿಭಾಗದಲ್ಲಲ್ಲ. ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್‌ಗೆ ಆಫ್ಟರ್ ಮತ್ತು ವಾಂಟ್ಸ್ ಎರಡೂ ಬರೆಯಬೇಕು, ಆಫ್ಟರ್ ಒಂದೇ ಸಾಲದು.

ರೂಟ್ ಆಗಿ ಓಡಿಸಬೇಡಿ. ಪಿಂಗ್‌ಗಾಗಿ ರೂಟ್ ಬೇಕು ಎನ್ನುವುದು ನೆವ. ಆಂಬಿಯೆಂಟ್‌ಕೇಪಬಿಲಿಟೀಸ್ ಸಾಲಿನಲ್ಲಿ ಕ್ಯಾಪ್ ನೆಟ್ ರಾ ಒಂದನ್ನು ಕೊಟ್ಟರೆ ಸಾಕು.

ಸತ್ತ ಡೀಮನ್ನನ್ನು ಸಿಸ್ಟಮ್‌ಡಿ ಎಬ್ಬಿಸುತ್ತದೆ, ಸಿಕ್ಕಿಕೊಂಡ ಡೀಮನ್ನನ್ನು ಎಬ್ಬಿಸುವುದಿಲ್ಲ. ಅದಕ್ಕೆ ವಾಚ್‌ಡಾಗ್‌ಸೆಕ್ 60 ಎಂದು ಬರೆದು, ಟೈಪ್ ನೋಟಿಫೈ ಮಾಡಿ, ಪ್ರೋಗ್ರಾಂ 30 ಸೆಕೆಂಡ್‌ಗೊಮ್ಮೆ ವಾಚ್‌ಡಾಗ್ 1 ಎಂಬ ಸಂದೇಶ ಕಳಿಸಬೇಕು. ಸಂದೇಶವನ್ನು ಬೇರೆ ಥ್ರೆಡ್‌ನಿಂದ ಕಳಿಸಿದರೆ ಉಪಯೋಗವಿಲ್ಲ, ಮುಖ್ಯ ಲೂಪ್ ಸತ್ತರೂ ಆ ಥ್ರೆಡ್ ‘ಚೆನ್ನಾಗಿದ್ದೇನೆ’ ಎನ್ನುತ್ತಿರುತ್ತದೆ. ಚೆಕ್‌ಗಳನ್ನು ಹಂಚುವ ಲೂಪ್‌ನೊಳಗಿಂದಲೇ, ಕಳೆದ ಒಂದು ನಿಮಿಷದಲ್ಲಿ ಒಂದಾದರೂ ಚೆಕ್ ಪೂರ್ತಿ ಮುಗಿದಿದ್ದರೆ ಮಾತ್ರ ಕಳಿಸಿ.

ತಿಂಗಳುಗಟ್ಟಲೆ ಓಡುವ ಪ್ರೋಗ್ರಾಂನ ಮುಖ್ಯ ಶತ್ರು ಮುಚ್ಚದೆ ಬಿಟ್ಟ ಸಾಕೆಟ್. ಒಂದು ಪ್ರೋಸೆಸ್‌ಗೆ ಸಾಮಾನ್ಯವಾಗಿ 1024 ಫೈಲ್ ಡಿಸ್ಕ್ರಿಪ್ಟರ್‌ಗಳ ಮಿತಿ ಇರುತ್ತದೆ. ಟೈಮ್‌ಔಟ್ ಆದ ದಾರಿಯಲ್ಲಿ ಮಾತ್ರ ಕ್ಲೋಸ್ ಕರೆಯಲು ಮರೆತಿದ್ದರೆ, ದಿನವೂ ಹತ್ತಾರು ಸೋರಿ, ಒಂದು ದಿನ ‘ಟೂ ಮೆನಿ ಓಪನ್ ಫೈಲ್ಸ್’ ಬರುತ್ತದೆ. ಅಲ್ಲಿಂದ ಮುಂದೆ ಯಾವ ಸಾಕೆಟ್ಟೂ ತೆರೆಯುವುದಿಲ್ಲ, ಎಲ್ಲ ಸೇವೆಗಳೂ ಡೌನ್. ಇದೂ 3 ಆಗಬೇಕಾದದ್ದೇ: ಸಾಕೆಟ್ ತೆರೆಯುವಲ್ಲಿ ಆದ ಎರರ್ ನಿಮ್ಮದು, ಎದುರಿನವರದ್ದಲ್ಲ. ಪ್ರೋಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ಎಫ್‌ಡಿ ಫೋಲ್ಡರ್‌ನೊಳಗಿನ ಎಂಟ್ರಿಗಳನ್ನು ಇವತ್ತು ಎಣಿಸಿ, ನಾಳೆ ಅದೇ ಹೊತ್ತಿಗೆ ಎಣಿಸಿ. ಏರಿದ್ದರೆ ಸೋರುತ್ತಿದೆ.

ಕಾಯುವವನನ್ನು ಕಾಯುವುದು

ಮೇಲ್ ಸರ್ವರ್ ಬಿದ್ದಿದೆ ಎಂಬ ಸುದ್ದಿಯನ್ನು ಅದೇ ಮೇಲ್ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆಗಳು ನಂಬಲಾಗದಷ್ಟಿವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದ ಮಾಯವಾದಾಗ, ಸರಿ ಮಾಡಬೇಕಾದ ಎಂಜಿನಿಯರ್‌ಗಳ ಒಳಗಿನ ಉಪಕರಣಗಳೂ ಅದೇ ನೆಟ್‌ವರ್ಕ್ ಮತ್ತು ಡಿಎನ್‌ಎಸ್ ಮೇಲೆ ನಿಂತಿದ್ದರಿಂದ ಅವೂ ಕೆಲಸ ಮಾಡಲಿಲ್ಲ. ಅಷ್ಟು ದೊಡ್ಡವರಿಗೇ ಆದದ್ದು ನಮಗಾಗುವುದಿಲ್ಲ ಎನ್ನುವಂತಿಲ್ಲ. ಡೀಮನ್ ಇರುವ ಮಷಿನ್, ಅದು ಬಳಸುವ ಡಿಎನ್‌ಎಸ್, ಅಲರ್ಟ್ ಹೋಗುವ ದಾರಿ, ಈ ಮೂರೂ ನೀವು ಕಾಯುತ್ತಿರುವುದರಿಂದ ಹೊರಗಿರಲಿ. ಎರಡು ಬೇರೆ ದಾರಿ ಇರಲಿ: ಚಾಟ್ ಒಂದು, ಎಸ್‌ಎಂಎಸ್ ಅಥವಾ ಫೋನ್ ಕರೆ ಇನ್ನೊಂದು. ಮೊದಲ ದಾರಿಯಿಂದ ‘ತಲುಪಿತು’ ಎಂಬ ಉತ್ತರ ಬರದಿದ್ದರೆ ಮಾತ್ರ ಎರಡನೆಯದು.

ಡೀಮನ್ ಪೂರ್ತಿ ಸತ್ತರೆ? ಮೌನ. ಎಲ್ಲ ಸರಿಯಿದ್ದಾಗಲೂ ಮೌನ. ಎರಡನ್ನೂ ಬೇರ್ಪಡಿಸಲು ಲೆಕ್ಕವನ್ನು ತಿರುಗಿಸಬೇಕು: ಡೀಮನ್ ಐದು ನಿಮಿಷಕ್ಕೊಮ್ಮೆ ಬೇರೆಲ್ಲೋ ಇರುವ ಒಂದು ವಿಳಾಸವನ್ನು ಮುಟ್ಟಿ ಬರಲಿ. ಹನ್ನೆರಡು ನಿಮಿಷ ಮುಟ್ಟದಿದ್ದರೆ ಆ ಕಡೆಯವರು ಅಲರ್ಟ್ ಕಳಿಸಲಿ. ಆ ಕಡೆ ದೊಡ್ಡದೇನೂ ಬೇಡ, ಬೇರೆ ಜಾಗದ ಸಣ್ಣ ಮಷಿನ್‌ನಲ್ಲಿ ಫೈಲ್‌ನ ಸಮಯ ನೋಡುವ ಒಂದು ಕ್ರಾನ್ ಸಾಲು ಸಾಕು.

ಸೈಟ್‌ನ ಗುರುತು ಖಾತ್ರಿಪಡಿಸುವ ಟಿಎಲ್‌ಎಸ್ ಸರ್ಟಿಫಿಕೇಟ್‌ನ ಅವಧಿ ಮುಗಿಯುವುದೂ ಒಂದು ಔಟೇಜೇ, ಅದೂ ದಿನಾಂಕ ಮೊದಲೇ ಗೊತ್ತಿರುವ ಔಟೇಜ್. 21 ದಿನ ಇರುವಾಗ 1, 7 ದಿನ ಇರುವಾಗ 2. ಡಿಸ್ಕ್‌ನಲ್ಲಿರುವ ಫೈಲನ್ನು ನೋಡಬೇಡಿ, ಪೋರ್ಟ್‌ಗೆ ಕನೆಕ್ಟ್ ಆಗಿ ಸರ್ವರ್ ಕೈಗಿಡುವ ಸರ್ಟಿಫಿಕೇಟನ್ನೇ ನೋಡಿ. ಹೊಸ ಫೈಲ್ ಬಂದು ಕೂತಿದ್ದರೂ ವೆಬ್ ಸರ್ವರ್ ಎಂಜಿನ್‌ಎಕ್ಸ್ ರೀಲೋಡ್ ಆಗದೆ ಹಳೆಯದನ್ನೇ ಕೊಡುತ್ತಿರುವುದು ತೀರಾ ಸಾಮಾನ್ಯ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 2025ರಿಂದ ನೆನಪಿನ ಮೇಲ್ ಕಳಿಸುವುದನ್ನು ನಿಲ್ಲಿಸಿದೆ. ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100, 2029ರಿಂದ 47 ದಿನ ಎಂದು ಇಳಿಸುವುದಾಗಿ, ಸರ್ಟಿಫಿಕೇಟ್ ಕೊಡುವವರ ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ ಬ್ರೌಸರ್ ಫೋರಂ ತೀರ್ಮಾನಿಸಿದೆ. 47 ದಿನದ ಕಾಲ ಬಂದಾಗ 21 ಎಂಬ ಆ ಅಂಕಿಯನ್ನು ಮತ್ತೆ ನೋಡಬೇಕಾಗುತ್ತದೆ.

ಇಷ್ಟೆಲ್ಲ ಸ್ವಂತ ಬರೆಯಬೇಕೇ ಎಂದರೆ, ಬೇಡ. ಹತ್ತಿಪ್ಪತ್ತು ಸೇವೆಗಳಿಗೆ ಅಪ್‌ಟೈಮ್ ಕುಮಾ ಸಾಕು, 3001ನೇ ಪೋರ್ಟ್‌ನಲ್ಲಿ ಚಂದದ ಪುಟವೂ ಸಿಗುತ್ತದೆ. ಒಂದೇ ಮಷಿನ್‌ನ ಸೇವೆಗಳನ್ನು ನೋಡಿ ಎಬ್ಬಿಸಲು ಮೋನಿಟ್ ಹಗುರ. ಅದರ ಕಾನ್ಫಿಗ್ ಫೈಲ್‌ನ ಪರ್ಮಿಷನ್ 0700ಕ್ಕಿಂತ ಸಡಿಲವಿದ್ದರೆ ಶುರುವೇ ಆಗುವುದಿಲ್ಲ, ಹೊಸಬರು ಎಡವುವುದು ಅಲ್ಲೇ. ಪ್ರೊಮೀಥಿಯಸ್ ಆಗಲೇ ಇದ್ದರೆ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಸೇರಿಸಿ. ಯಾವುದನ್ನು ಆರಿಸಿದರೂ ಮೇಲಿನ ಅಂಕಿಗಳನ್ನು ನೀವೇ ಕೂತು ಹಾಕಬೇಕು. ಮೊದಲೇ ಇರುವ ಅಂಕಿಗಳು ನಿಮ್ಮ ನೆಟ್‌ವರ್ಕ್ ನೋಡಿ ಇಟ್ಟದ್ದಲ್ಲ.

ಹಾಕಿದ ಮೇಲೆ ಕೆಡಿಸಿ ನೋಡಿ. ಪರೀಕ್ಷೆಯ ಸರ್ವರ್ ಒಂದರಲ್ಲಿ ಸೇವೆಯನ್ನು ಸ್ಟಾಪ್ ಮಾಡಿದರೆ ರೆಫ್ಯೂಸ್ಡ್ ಬರಬೇಕು. ಇನ್‌ಪುಟ್ ಚೈನ್‌ನಲ್ಲಿ ಆ ಪೋರ್ಟ್‌ಗೆ ಡ್ರಾಪ್ ನಿಯಮ ಹಾಕಿದರೆ ಟೈಮ್‌ಔಟ್ ಬರಬೇಕು. ಆಮೇಲೆ ಸಿಸ್ಟಮ್‌ಸಿಟಿಎಲ್ ಕಿಲ್‌ನಿಂದ ಸಿಗ್‌ಸ್ಟಾಪ್ ಸಿಗ್ನಲ್ ಕಳಿಸಿ ಸೇವೆಯನ್ನು ಇದ್ದಲ್ಲೇ ಹೆಪ್ಪುಗಟ್ಟಿಸಿ. ಪೋರ್ಟ್ ತೆರೆದೇ ಇರುತ್ತದೆ, ಕನೆಕ್ಟ್ ಆಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಬರೀ ಟಿಸಿಪಿ ಚೆಕ್ ಇಟ್ಟವರ ಡ್ಯಾಶ್‌ಬೋರ್ಡ್ ಆಗಲೂ ಹಸಿರಾಗಿಯೇ ಇರುತ್ತದೆ. ನೋಡಿಯಾದ ಮೇಲೆ ಸಿಗ್‌ಕಾಂಟ್ ಕಳಿಸಿ ಬಿಡಿಸಿ. ಕೊನೆಗೆ ಡೀಮನ್‌ನ ಮಷಿನ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಹದಿನಾಲ್ಕು ನಿಮಿಷ ಬಿಡಿ. ಬರಬೇಕಾದದ್ದು ಒಂದೇ ಮೆಸೇಜ್, ಅದೂ ಹೊರಗಿನ ಆ ಸಣ್ಣ ಮಷಿನ್‌ನಿಂದ, ಏಳರಿಂದ ಹನ್ನೆರಡನೇ ನಿಮಿಷದ ಆಸುಪಾಸಿನಲ್ಲಿ. ಕೇಬಲ್ ಮತ್ತೆ ಚುಚ್ಚಿದಾಗ ಬಾಕಿ ಉಳಿದಿದ್ದ ನಲವತ್ತು ಅಲರ್ಟ್‌ಗಳು ಒಟ್ಟಿಗೆ ಹೊರಬಿದ್ದರೆ, ಕಳಿಸುವ ಸಾಲಿನಲ್ಲಿ ಐದು ನಿಮಿಷಕ್ಕಿಂತ ಹಳೆಯ ಮೆಸೇಜ್‌ಗಳನ್ನು ಎಸೆಯುವ ಒಂದು ಷರತ್ತು ಸೇರಿಸಿ, ಕೇಬಲ್ ಮತ್ತೊಮ್ಮೆ ಕೀಳಿ.